ಹಾಡಿದವರ ಹಕ್ಕು, ಮುದ್ರಿಸಿದವರ ಹಕ್ಕು: ಟೇಲರ್ ಸ್ವಿಫ್ಟ್ ಹೂಡಿದ ಜಗಳ ಮತ್ತು ನಮ್ಮ ಸೀಮೆಯ ಗಾಯಕಿಯರು

2025ರ ಮೇ 30ರಂದು ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ತಮ್ಮ ಜಾಲತಾಣದಲ್ಲಿ ಅಭಿಮಾನಿಗಳಿಗೊಂದು ಪತ್ರ ಪ್ರಕಟಿಸಿ, ತಮ್ಮ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಣಗಳನ್ನು ಶ್ಯಾಮ್‌ರಾಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯಿಂದ ಕೊಂಡುಕೊಂಡಿರುವುದಾಗಿ ತಿಳಿಸಿದರು. ಬೆಲೆ ಸುಮಾರು 36 ಕೋಟಿ ಡಾಲರ್ ಎಂದು ವರದಿಯಾಯಿತು. ಅಂದಿನ ವಿನಿಮಯ ದರದಲ್ಲಿ ಅದು ಮೂರು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಮೊತ್ತ. ತಾನೇ ಬರೆದು ತಾನೇ ಹಾಡಿದ ಹಾಡುಗಳಿಗೆ ಒಬ್ಬ ಗಾಯಕಿ ಇಷ್ಟು ಹಣ ತೆರಬೇಕಾಗಿ ಬಂದದ್ದು ಏಕೆಂಬುದು ಸುದ್ದಿ ಓದಿದ ಅನೇಕರಿಗೆ ಬಗೆಹರಿದಿರಲಾರದು. ಧಾರವಾಡದ ಕಾಲೇಜು ಹುಡುಗಿಯರಲ್ಲಿ ಸ್ವಿಫ್ಟ್ ಹಾಡುಗಳನ್ನು ಬಾಯಿಪಾಠ ಮಾಡಿಕೊಂಡವರಿಗೆ ಕೊರತೆಯಿಲ್ಲ, ಅವರಲ್ಲಿ ಕೆಲವರಿಗೆ ಈ ಜಗಳದ ಇಸವಿಗಳೂ ಗೊತ್ತು. ಆದರೆ ಅದೇ ಪ್ರಶ್ನೆ ಹುಬ್ಬಳ್ಳಿ, ಗದಗ, ಹಾವೇರಿ ಸೀಮೆಯಲ್ಲಿ ಜಾನಪದ ಹಾಡಿ ಯೂಟ್ಯೂಬಿನಲ್ಲಿ ಕೇಳುಗರನ್ನು ಗಳಿಸಿದ ಹೆಣ್ಣುಮಕ್ಕಳದೂ ಹೌದು ಎಂಬುದು ಚರ್ಚೆಗೆ ಬಂದದ್ದು ಕಡಿಮೆ. ಸ್ವಿಫ್ಟ್ ಅವರ ಪ್ರಭಾವವನ್ನು ಅವರ ಉಡುಗೆಯಲ್ಲಿ, ಅಭಿಮಾನಿಗಳು ಬದಲಾಯಿಸಿಕೊಳ್ಳುವ ಮಣಿಕಂಕಣಗಳಲ್ಲಿ ಅಳೆಯುವುದಕ್ಕಿಂತ ಈ ಪ್ರಶ್ನೆಯಲ್ಲಿ ಅಳೆಯುವುದು ಸರಿ ಎಂಬುದು ನನ್ನ ಅಭಿಪ್ರಾಯ.

1989ರ ಡಿಸೆಂಬರ್ 13ರಂದು ಪೆನ್ಸಿಲ್ವೇನಿಯದಲ್ಲಿ ಹುಟ್ಟಿದ ಸ್ವಿಫ್ಟ್, ಹದಿಹರೆಯಕ್ಕೆ ಕಾಲಿಡುತ್ತಲೇ ಹಳ್ಳಿಗಾಡಿನ ಸಂಗೀತದ ತವರಾದ ನ್ಯಾಶ್‌ವಿಲ್ ಕಡೆಗೆ ಕುಟುಂಬದೊಡನೆ ಬಂದವರು. 2005ರಲ್ಲಿ ಬಿಗ್ ಮಷೀನ್ ಎಂಬ ಆಗತಾನೆ ಶುರುವಾದ ಕಂಪನಿಯೊಡನೆ ಕರಾರು ಮಾಡಿಕೊಂಡಾಗ ಅವರಿಗಿನ್ನೂ ಹದಿನೆಂಟು ತುಂಬಿರಲಿಲ್ಲ. ಮೊದಲ ಆಲ್ಬಂ 2006ರಲ್ಲಿ ಬಂತು. 2010ರ ಆಲ್ಬಂನ ಹಾಡುಗಳನ್ನು ಯಾರ ನೆರವೂ ಇಲ್ಲದೆ ಒಬ್ಬರೇ ಬರೆದರು. ಹಾಡುಗಳನ್ನು ಬೇರೆಯವರು ಬರೆದುಕೊಡುತ್ತಾರೆ ಎಂಬ ಮಾತಿಗೆ ಅದು ಉತ್ತರವಾಗಿತ್ತು. ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನು 2010, 2016, 2021 ಮತ್ತು 2024ರಲ್ಲಿ, ಒಟ್ಟು ನಾಲ್ಕು ಸಲ ಪಡೆದ ಬೇರೊಬ್ಬ ಗಾಯಕರಿಲ್ಲ. ಈ ಪಟ್ಟಿಯನ್ನು ಇನ್ನೂ ಬೆಳೆಸಬಹುದು, ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಒಂದೇ: ತಮ್ಮ ಹಾಡುಗಳನ್ನು ಈಕೆ ತಾವೇ ಬರೆಯುತ್ತಾರೆ ಎಂಬುದು.

ಏಕೆಂದರೆ ಮುದ್ರಿತವಾದ ಒಂದು ಹಾಡಿನಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿರುತ್ತವೆ. ಸಾಹಿತ್ಯ ಮತ್ತು ಸಂಯೋಜನೆ ಒಂದು, ಆ ಹಾಡನ್ನು ಒಂದು ದಿನ ಒಂದು ಸ್ಟುಡಿಯೊದಲ್ಲಿ ಹಿಡಿದಿಟ್ಟ ಧ್ವನಿಮುದ್ರಣ ಇನ್ನೊಂದು. ಹೊಲದ ಉತಾರ ಒಬ್ಬರ ಹೆಸರಿನಲ್ಲಿದ್ದು ನಿಂತ ಬೆಳೆ ಇನ್ನೊಬ್ಬರದಾಗಿರುವಂತೆ, ಇವೆರಡರ ಒಡೆಯರು ಬೇರೆಯಾಗಿರುವುದೇ ಉದ್ಯಮದ ರೂಢಿ. ಸ್ವಿಫ್ಟ್ ಬರೆದ ಹಾಡಿನ ಮೇಲೆ ಬರಹಗಾರ್ತಿಯಾಗಿ ಅವರ ಹಕ್ಕು ಉಳಿದಿತ್ತು, ಆದರೆ ಖರ್ಚು ಹಾಕಿ ಮುದ್ರಿಸಿದ ಕಂಪನಿಯೇ ಮೂಲ ಮುದ್ರಣದ ಒಡೆಯ ಎಂದು ಕರಾರಿನಲ್ಲಿತ್ತು. ಹಾಡು ಜಾಹೀರಾತಿಗೋ ಸಿನಿಮಾಕ್ಕೋ ಹೋಗಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು. ಸ್ಟ್ರೀಮಿಂಗ್‌ನಿಂದ ಬರುವ ಹಣದಲ್ಲಿ ಮುದ್ರಣದ ಒಡೆಯನಿಗೆ ಸಿಗುವ ಪಾಲು ಬರಹಗಾರರ ಪಾಲಿಗಿಂತ ದೊಡ್ಡದು. 2018ರ ನವೆಂಬರಿನಲ್ಲಿ ಯೂನಿವರ್ಸಲ್ ಸಂಸ್ಥೆಗೆ ಹೋದಾಗ ಮುಂದಿನ ಮುದ್ರಣಗಳೆಲ್ಲ ತಮ್ಮವೇ ಎಂದು ಸ್ವಿಫ್ಟ್ ಬರೆಸಿಕೊಂಡರು. ಅದೇ ಕರಾರಿನಲ್ಲಿ ಇನ್ನೊಂದು ಷರತ್ತಿತ್ತು: ಸ್ಪಾಟಿಫೈನಲ್ಲಿರುವ ತನ್ನ ಷೇರುಗಳನ್ನು ಯೂನಿವರ್ಸಲ್ ಮಾರಿದರೆ ಬಂದ ಹಣದಲ್ಲಿ ಸಂಸ್ಥೆಯ ಎಲ್ಲ ಕಲಾವಿದರಿಗೂ ಪಾಲು ಹೋಗಬೇಕು, ಅದನ್ನು ಅವರ ಹಳೆಯ ಮುಂಗಡಕ್ಕೆ ಮುರಿದುಕೊಳ್ಳಬಾರದು. ಪ್ರಚಾರದಲ್ಲಿ ಮುಳುಗಿಹೋದ ಈ ಷರತ್ತು ನನಗೆ ಅವರ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಹಳೆಯ ಆರು ಆಲ್ಬಂಗಳು ಮಾತ್ರ ಹಿಂದೆ ಉಳಿದವು. 2019ರ ಜೂನಿನಲ್ಲಿ ಬಿಗ್ ಮಷೀನ್ ಕಂಪನಿಯನ್ನು ಸ್ಕೂಟರ್ ಬ್ರೌನ್ ಎಂಬ ಉದ್ಯಮಿಯ ಸಂಸ್ಥೆ ಸುಮಾರು 30 ಕೋಟಿ ಡಾಲರಿಗೆ ಕೊಂಡಾಗ ಸ್ವಿಫ್ಟ್ ಹಾಡುಗಳೂ ಕೈ ಬದಲಾಯಿಸಿದವು. ಅವುಗಳನ್ನು ನೇರವಾಗಿ ಕೊಳ್ಳುವ ಅವಕಾಶವನ್ನೇ ತಮಗೆ ಕೊಡಲಿಲ್ಲವೆಂದು ಸ್ವಿಫ್ಟ್ ದೂರಿದರು, ಕಂಪನಿ ಬೇರೆಯೇ ಕಥೆ ಹೇಳಿತು. 2020ರಲ್ಲಿ ಮುದ್ರಣಗಳು ಶ್ಯಾಮ್‌ರಾಕ್ ಪಾಲಾದವು. ಕರಾರಿನ ಪ್ರಕಾರ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿ ಮುದ್ರಿಸಲು ಅವರಿಗಿದ್ದ ತಡೆ ಅದೇ ವರ್ಷದ ನವೆಂಬರಿನಲ್ಲಿ ಸಡಿಲವಾಯಿತು; ಅವರು ಮಾಡಿದ್ದೂ ಅದನ್ನೇ. 2021ರಲ್ಲಿ ಎರಡು, 2023ರಲ್ಲಿ ಎರಡು, ಹೀಗೆ ನಾಲ್ಕು ಆಲ್ಬಂಗಳು, ಹೆಸರಿನ ಮುಂದೆ ಆವರಣದೊಳಗೆ ‘ಟೇಲರ್ಸ್ ವರ್ಷನ್’ (ಟೇಲರ್ ಅವರ ಆವೃತ್ತಿ) ಎಂಬ ಗುರುತಿನೊಂದಿಗೆ ಮರುಹುಟ್ಟು ಪಡೆದವು. ಬರಹಗಾರ್ತಿಯಾಗಿ ಹಳೆಯ ಮುದ್ರಣದ ಬಳಕೆಗೆ ಒಪ್ಪಿಗೆ ತಡೆಹಿಡಿಯುವುದು, ಹೊಸ ಮುದ್ರಣಕ್ಕೆ ಧಾರಾಳವಾಗಿ ಕೊಡುವುದು, ಅಭಿಮಾನಿಗಳು ಹೊಸದನ್ನೇ ಕೇಳುವಂತೆ ಮಾಡುವುದು: ಹಳೆಯ ಮುದ್ರಣದ ಬೆಲೆಯನ್ನು ಹೀಗೆ ಮೂರು ಕಡೆಯಿಂದ ತಗ್ಗಿಸುವ ಉಪಾಯ ಅದು. 2021ರ ಹೊಸ ಮುದ್ರಣದಲ್ಲಿ ಸೇರಿದ ಹತ್ತು ನಿಮಿಷದ ಒಂದು ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಮೂರೂವರೆ ನಿಮಿಷ ಮೀರಿದರೆ ಕೇಳುಗರು ಓಡಿಹೋಗುತ್ತಾರೆ ಎಂಬ ವ್ಯಾಪಾರಿ ನಂಬಿಕೆಗೆ ಅದೊಂದು ಪೆಟ್ಟು.

ಮುಂದಿನದು ಜಗತ್ತಿಗೇ ಗೊತ್ತಿರುವ ಕಥೆ. 2023ರ ಮಾರ್ಚ್ 17ರಿಂದ 2024ರ ಡಿಸೆಂಬರ್ 8ರವರೆಗೆ ಐದು ಖಂಡಗಳಲ್ಲಿ ನಡೆದ 149 ಕಾರ್ಯಕ್ರಮಗಳ ‘ಎರಾಸ್’ ಪ್ರವಾಸ 200 ಕೋಟಿ ಡಾಲರಿಗೂ ಮೀರಿ ಗಳಿಸಿತು. ಭಾರತದ ಅಭಿಮಾನಿಗಳಲ್ಲಿ ಅನುಕೂಲವಿದ್ದವರು 2024ರ ಮಾರ್ಚಿನಲ್ಲಿ ಸಿಂಗಪುರಕ್ಕೆ ಹಾರಿದರು, ಇಲ್ಲದವರು ಮೊಬೈಲಿನಲ್ಲಿ ತುಣುಕುಗಳನ್ನು ನೋಡಿದರು. ಆ ಪ್ರವಾಸದ ಗಳಿಕೆಯೇ ಮುದ್ರಣಗಳನ್ನು ಕೊಳ್ಳಲು ಶಕ್ತಿ ಕೊಟ್ಟಿತೆಂದು 2025ರ ಪತ್ರದಲ್ಲಿ ಸ್ವಿಫ್ಟ್ ಸೂಚಿಸಿದ್ದಾರೆ. ತಮ್ಮ ಮುದ್ರಣಗಳು ತಮ್ಮಲ್ಲೇ ಉಳಿಯುವಂತೆ ಕರಾರು ಮಾಡಿಕೊಂಡೆವೆಂದು ಹೊಸ ಗಾಯಕರು ಬಂದು ಹೇಳುವಾಗಿನ ಸಮಾಧಾನವನ್ನೂ ಅಲ್ಲಿ ಬರೆದಿದ್ದಾರೆ. ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಮರುಮುದ್ರಣದ ಮೇಲಿನ ತಡೆಯನ್ನು ಹತ್ತು ವರ್ಷ, ಕೆಲವೆಡೆ ಅದಕ್ಕೂ ಹೆಚ್ಚು ಕಾಲಕ್ಕೆ ವಿಸ್ತರಿಸಲು ದೊಡ್ಡ ಕಂಪನಿಗಳು ಹೊರಟಿವೆಯೆಂದು 2023ರಲ್ಲಿ ವರದಿಗಳು ಬಂದವು. ಒಬ್ಬರು ದಾಟಿದ ಮೇಲೆ ಬೇಲಿ ಎತ್ತರವಾಗುವುದು ಹೊಸದೇನಲ್ಲ. ಅದೂ ಅಲ್ಲದೆ ಸಾವಿರಾರು ಕೋಟಿ ಕೊಟ್ಟು ಮಾತ್ರ ಗೆಲ್ಲಬಹುದಾದ ನ್ಯಾಯವನ್ನು ಎಲ್ಲರ ನ್ಯಾಯವೆಂದು ಕರೆಯಲು ನನಗೆ ಮನಸ್ಸಿಲ್ಲ.

ನಮ್ಮ ನೆಲದಲ್ಲಿ ಈ ಪ್ರಶ್ನೆ ಎಷ್ಟು ಹಳೆಯದೆಂದರೆ, ಅದು ಧ್ವನಿಮುದ್ರಣದೊಂದಿಗೇ ಹುಟ್ಟಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ಪ್ರತಿ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ತಟ್ಟೆ ಅಚ್ಚು ಮಾಡುವವರಿಗೆ ಗುರುತು ಸಿಗಲೆಂದು ಆ ಏರ್ಪಾಡು. ಹೆಸರು ತಟ್ಟೆಯಲ್ಲೇ ಉಳಿಯಿತು, ಆದರೆ ತಟ್ಟೆ ಮಾರಾಟದ ಲಾಭದ ಲೆಕ್ಕ ಕಂಪನಿಯದಾಗಿತ್ತು. ಬೇಡಿಕೆಯ ತುತ್ತತುದಿಯಲ್ಲಿ ರಾಜವೈಭವದಿಂದ ಬದುಕಿದ ಆಕೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಾಗ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ವಿಷಯದಲ್ಲಿ ಹೆಸರೂ ಪೂರ್ತಿ ಉಳಿಯಲಿಲ್ಲ. 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಹೊರತಂದ ಅವರ ಮೊದಮೊದಲ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂದು ಅಚ್ಚಾಗಿದೆ. ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದ ಈ ಗಾಯಕಿಗೆ 2002ರಲ್ಲಿ ಪದ್ಮವಿಭೂಷಣ ಬಂತು, ಹಾಡುವ ಗಂಡಸು ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಅವರು ಆಡಿ ತೋರಿಸಿದ್ದೂ ಉಂಟು. ತಟ್ಟೆಯ ಚೀಟಿಯ ಮೇಲೆ ಯಾವ ಹೆಸರು ಹಾಕಬೇಕೆಂದು ನಿರ್ಧರಿಸುವವರೇ ಹಣದ ಲೆಕ್ಕವನ್ನೂ ಇಟ್ಟುಕೊಂಡಿದ್ದರು.

ಸಿನಿಮಾ ಲೋಕದಲ್ಲಿ ಈ ತಕರಾರನ್ನು ಬಹಿರಂಗವಾಗಿ ಎತ್ತಿದವರು ಲತಾ ಮಂಗೇಶ್ಕರ್. 1960ರ ದಶಕದಲ್ಲಿ ಅವರು ಗಾಯಕರಿಗೂ ರಾಯಲ್ಟಿ ಸಿಗಬೇಕೆಂದು ಪಟ್ಟು ಹಿಡಿದರು. ಹಾಡಿ ಸಂಭಾವನೆ ಪಡೆದಲ್ಲಿಗೆ ಗಾಯಕನ ಹಕ್ಕು ಮುಗಿಯಿತೆಂಬುದು ಮೊಹಮ್ಮದ್ ರಫಿಯವರ ನಿಲುವಾಗಿತ್ತು. ಈ ಮನಸ್ತಾಪದಿಂದ ಇಬ್ಬರೂ ಕೆಲವು ವರ್ಷ ಜೊತೆಯಾಗಿ ಹಾಡಲೇ ಇಲ್ಲ. ಅಂದಿನ ಕಾನೂನು ರಫಿಯವರ ಪಕ್ಷದಲ್ಲಿತ್ತು. 1957ರ ಹಕ್ಕುಸ್ವಾಮ್ಯ ಕಾಯ್ದೆಯನ್ನು 2012ರಲ್ಲಿ ತಿದ್ದಿದಾಗ, ಅದರಲ್ಲೂ ರಾಜ್ಯಸಭೆಯಲ್ಲಿ ಹಿಂದಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ಹಟ ಹಿಡಿದು ವಾದಿಸಿದ ಮೇಲೆ, ಲೆಕ್ಕ ಬದಲಾಯಿತು. ಸಿನಿಮಾ ಅಥವಾ ಧ್ವನಿಮುದ್ರಣಕ್ಕೆ ಸೇರಿದ ಸಾಹಿತ್ಯ, ಸಂಗೀತಗಳ ರಾಯಲ್ಟಿಯನ್ನು ಕವಿ, ಸಂಯೋಜಕರು ವಾರಸುದಾರರಿಗೋ ಹಕ್ಕುಸ್ವಾಮ್ಯ ಸಂಘಕ್ಕೋ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಡುವುದಾಗಿ ಬರೆದ ಕರಾರಿಗೆ ಬೆಲೆಯಿಲ್ಲ. ಹಾಡುವವರ ಕುರಿತು 38ಎ ಮತ್ತು 38ಬಿ ಎಂಬ ಕಲಮುಗಳು ಬಂದವು. ಹಾಡಿದ್ದು ವಾಣಿಜ್ಯ ಬಳಕೆಗೆ ಹೋದರೆ ಗಾಯಕರಿಗೆ ರಾಯಲ್ಟಿ ಸಲ್ಲಬೇಕೆಂದು ಮೊದಲನೆಯದು ಹೇಳಿದರೆ, ಹಾಡಿದವರನ್ನು ಹೆಸರಿಸಬೇಕು, ಹಾಡಿದ್ದನ್ನು ಅವರ ಮರ್ಯಾದೆಗೆ ಕುಂದು ಬರುವಂತೆ ತಿರುಚಬಾರದು ಎಂದು ಎರಡನೆಯದು ಹೇಳುತ್ತದೆ. ಈ ಹಕ್ಕನ್ನು ನಡೆಸಿಕೊಳ್ಳಲು 2013ರಲ್ಲಿ ಭಾರತೀಯ ಗಾಯಕರ ಹಕ್ಕುಗಳ ಸಂಘವೂ ಹುಟ್ಟಿತು. ಕಾಗದದ ಮೇಲೆ ನೋಡಿದರೆ ಸ್ವಿಫ್ಟ್ ದುಡ್ಡು ಕೊಟ್ಟು ಕೊಂಡದ್ದರಲ್ಲಿ ಒಂದು ಪಾಲನ್ನು ನಮ್ಮ ಗಾಯಕಿಯರಿಗೆ ಸಂಸತ್ತು ಪುಕ್ಕಟೆ ಕೊಟ್ಟಿದೆ.

ಇನ್ನು ಕಾಗದ ಬಿಟ್ಟು ಹುಬ್ಬಳ್ಳಿಯ ಒಂದು ಸ್ಟುಡಿಯೊದೊಳಗೆ ಹೋಗೋಣ. ಪೇಟೆಯ ಓಣಿಯೊಂದರಲ್ಲಿ, ಅಂಗಡಿಗಳ ಮೇಲಿನ ಮಹಡಿಯಲ್ಲಿ, ಗೋಡೆಗೆ ಕಪ್ಪು ಸ್ಪಂಜು ಬಡಿದ ಪುಟ್ಟ ಖೋಲಿ. ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕುಳಿತ ಹುಡುಗ. ರೋಣ ತಾಲ್ಲೂಕಿನ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ಗಾಯಕಿಗೆ ಟ್ರ್ಯಾಕ್, ಅಂದರೆ ಹಾಡಿನ ಹಿನ್ನೆಲೆ ಸಂಗೀತ, ಹಿಂದಿನ ದಿನವೇ ವಾಟ್ಸ್ಯಾಪಿನಲ್ಲಿ ಬಂದಿರುತ್ತದೆ. ಗಂಡುದನಿಯ ಸಾಲುಗಳು ಮೊದಲೇ ಮುದ್ರಣವಾಗಿವೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಎದುರಿಗಿಲ್ಲದ ಜೊತೆಗಾರನಿಗೆ ಉತ್ತರ ಕೊಡುವಂತೆ ಆಕೆ ತನ್ನ ಸಾಲುಗಳನ್ನು ಹಾಡುತ್ತಾಳೆ. ದನಿ ಎಲ್ಲಿ ಎಳೆಯಬೇಕು, ಎಲ್ಲಿ ‘ಹೌದs’ ಎಂದು ಕತ್ತರಿಸಬೇಕು ಎಂಬುದು ಬರೆದುಕೊಟ್ಟ ಹಾಳೆಯಲ್ಲಿ ಇರುವುದಿಲ್ಲ, ಅದು ಸೋಬಾನೆಯ ಪದ, ಬೀಸುವ ಪದ ಹಾಡಿ ಬೆಳೆದ ಗಂಟಲಿಗೆ ತಾನಾಗಿ ಬರುವಂಥದ್ದು. ಹಾಡು ಓಡುವುದೇ ಆ ಗಂಟಲಿನಿಂದ. ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದು, ಫೋನಿಗೆ ಹಣ ಬಂದ ಸದ್ದಾಗುತ್ತದೆ. ಸಹಿ ಹಾಕಬೇಕಾದ ಕಾಗದ ಒಂದೂ ಇಲ್ಲ. ಹಾಡು ಚಾನಲ್‌ಗೆ ಏರಿದಾಗ ಶೀರ್ಷಿಕೆಯಲ್ಲಿ ಚಾನಲ್ಲಿನ ಹೆಸರು, ಕುಣಿದ ನಟ ನಟಿಯರ ಹೆಸರು, ‘ಸೂಪರ್ ಹಿಟ್’ ಎಂಬ ಮಾತು ಇರುತ್ತವೆ; ಹಾಡಿದವಳ ಹೆಸರು ಕೆಳಗೆ ‘ಇನ್ನಷ್ಟು’ ಒತ್ತಿದರೆ ಸಿಕ್ಕೀತು. ಇದನ್ನು ಕೇಳಿದಾಗ ಒಬ್ಬ ಗಾಯಕಿ ನನಗೆ ಹೇಳಿದ್ದು: “ದನಿ ನಂದರೀ, ಚಾನಲ್ ಅವರದು. ಬಾಯಿ ಬಿಟ್ಟು ಕೇಳಿದ್ರ ಮುಂದಿನ ಹಾಡಿಗೆ ಕರಿಯೂದಿಲ್ಲ.”

ಚಾನಲ್ ನಡೆಸುವವರ ಮಾತನ್ನೂ ಕೇಳಬೇಕು. ಟ್ರ್ಯಾಕ್ ಕಟ್ಟಿಸಿ, ಸ್ಟುಡಿಯೊ ಬಾಡಿಗೆ ಕೊಟ್ಟು, ಹೊಲ ಗದ್ದೆಗಳಲ್ಲಿ ಚಿತ್ರೀಕರಣ ಮಾಡಿಸಿ ಹೊರತಂದ ಹಾಡುಗಳಲ್ಲಿ ಹೆಚ್ಚಿನವು ಹಾಕಿದ ಹಣವನ್ನೂ ತರುವುದಿಲ್ಲ, ಓಡಿದ ಒಂದು ಹಾಡು ಉಳಿದವುಗಳ ನಷ್ಟ ತುಂಬಬೇಕು ಎಂಬ ಅವರ ವಾದ ಸುಳ್ಳಲ್ಲ. ಕಾಯ್ದೆಯ ಪ್ರಕಾರವೂ ಧ್ವನಿಮುದ್ರಣದ ಮೊದಲ ಒಡೆಯ ಅದರ ಹೊಣೆ ಹೊತ್ತು ಮಾಡಿಸಿದ ನಿರ್ಮಾಪಕನೇ, ಅವನ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಆದರೆ ಹಾಡು ವರ್ಷಗಟ್ಟಲೆ ಓಡಿ ಹಣ ತರುತ್ತಿರುವಾಗ, ಅದನ್ನು ಓಡಿಸಿದ ಗಂಟಲಿಗೆ ಒಂದು ಮುಂಜಾನೆಯ ಕೂಲಿ ಮಾತ್ರ ಎಂಬುದಕ್ಕೆ ನಷ್ಟದ ವಾದ ಸಮರ್ಥನೆಯಾಗಲಾರದು. 38ಎ ಕಲಮು ಉದ್ದೇಶಿಸಿದ್ದು ಇದೇ ಅಂತರವನ್ನು.

ಹಾಗಾದರೆ ಸ್ವಿಫ್ಟ್ ಮಾಡಿದಂತೆ ನಮ್ಮ ಗಾಯಕಿಯೂ ಹಾಡನ್ನು ಮತ್ತೊಮ್ಮೆ ಹಾಡಿಬಿಡಬಹುದೇ? ಉತ್ತರ ಹಾಡು ಯಾರದೆಂಬುದನ್ನು ಅವಲಂಬಿಸಿದೆ. ಚೌಡಕಿ ಪದ, ಕುಟ್ಟುವ ಪದಗಳಂಥ ಪರಂಪರೆಯ ಹಾಡಿಗೆ ಬರೆದವರೆಂದು ಯಾರೂ ಇಲ್ಲ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರಾದ್ದರಿಂದ ಅವರ ತತ್ವಪದಗಳೂ ಎಲ್ಲರ ಸೊತ್ತು. ಇವುಗಳನ್ನು ಆಕೆ ನಾಳೆಯೇ ತನ್ನ ಮೊಬೈಲಿನಲ್ಲಿ ಹಾಡಿ ಹಾಕಬಹುದು. ಈ ಒಂದು ಸಂಗತಿಯಲ್ಲಿ ರೋಣದ ಗಾಯಕಿ, 2020ರ ನವೆಂಬರಿನವರೆಗೆ ಕಾಯಬೇಕಾಗಿದ್ದ ಸ್ವಿಫ್ಟ್‌ಗಿಂತ ಸ್ವತಂತ್ರಳು. ಬೇಂದ್ರೆಯವರ ಕವಿತೆಯಾದರೆ ಮಾತು ಬೇರೆ. 1981ರಲ್ಲಿ ತೀರಿಕೊಂಡ ಕವಿಯ ಹಕ್ಕು 2041ರ ಕೊನೆಯವರೆಗೂ ಜೀವಂತವಾಗಿರುವುದರಿಂದ, ಸಾಧನಕೇರಿಯ ಕಟ್ಟೆಯ ಮೇಲೆ ಕುಳಿತು ಹಾಡಿ ಯೂಟ್ಯೂಬಿಗೆ ಹಾಕುವವರಿಗೂ ವಾರಸುದಾರರ ಅನುಮತಿ ಬೇಕಾಗುತ್ತದೆ. ಈಚಿನ ಜಾನಪದ ಶೈಲಿಯ ಹಾಡುಗಳಿಗೋ ಬರೆದವರು ಇದ್ದಾರೆ, ಹೆಚ್ಚಾಗಿ ಗಂಡಸರು. ಅವರು ತಮ್ಮ ಹಕ್ಕನ್ನು ಚಾನಲ್‌ಗೆ ಬರೆದುಕೊಟ್ಟಿದ್ದರೆ ಗಾಯಕಿ ಕೇಳಬೇಕಾದದ್ದು ಮತ್ತೆ ಅದೇ ಚಾನಲ್ಲಿನವರನ್ನು.

ಕಾಯ್ದೆಯ 31ಸಿ ಕಲಮಿನಲ್ಲಿ ಮರುಗಾಯನಕ್ಕೆ ಒಂದು ದಾರಿ ಇಟ್ಟಿದ್ದಾರೆ. ಹಾಡು ಮೊದಲು ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ಸಾಹಿತ್ಯ, ಸಂಗೀತದ ಒಡೆಯರಿಗೆ ಮೊದಲೇ ತಿಳಿಸಿ, ರಾಯಲ್ಟಿಯನ್ನು ಮುಂಗಡ ಕಟ್ಟಿ ಮುದ್ರಿಸಬಹುದು. ಆದರೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕಟ್ಟಬೇಕೆಂಬ ಷರತ್ತು ಹಳ್ಳಿಯ ಗಾಯಕಿಗೆ ಮೊದಲ ಮೆಟ್ಟಿಲಲ್ಲೇ ಬಾಗಿಲು ಹಾಕುತ್ತದೆ. ಇನ್ನೊಂದು ವಿಚಿತ್ರವೂ ಅಲ್ಲಿದೆ: ಹೊಸ ಮುದ್ರಣದ ಹೊದಿಕೆಯ ಮೇಲೆ ಹಳೆಯ ಮುದ್ರಣದ ಗಾಯಕರ ಹೆಸರಾಗಲಿ ಚಿತ್ರವಾಗಲಿ ಇರಕೂಡದು. ಕ್ಯಾಸೆಟ್ ಕಾಲದಲ್ಲಿ ಅಗ್ಗದ ನಕಲು ಗಾಯನವನ್ನು ಮೂಲವೆಂದು ಮಾರುವವರನ್ನು ತಡೆಯಲು ಇದು ಒಳ್ಳೆಯ ನಿಯಮವೇ. ಆದರೆ ಅಕ್ಷರಶಃ ಓದಿದರೆ, ತನ್ನದೇ ಹಾಡನ್ನು ಈ ದಾರಿಯಲ್ಲಿ ಮರಳಿ ಹಾಡಿದವಳು ಅದರ ಮೇಲೆ ತನ್ನ ಹೆಸರನ್ನೇ ಹಾಕಿಕೊಳ್ಳುವಂತಿಲ್ಲ. ಸ್ವಿಫ್ಟ್ ಅವರ ಇಡೀ ಉಪಾಯ ನಿಂತದ್ದು ಆವರಣದೊಳಗೆ ಸೇರಿಸಿದ ತಮ್ಮ ಹೆಸರಿನ ಮೇಲೆ. ಇಲ್ಲಿ ಆ ಆವರಣಕ್ಕೇ ನಿಷೇಧ.

ಆದ್ದರಿಂದ ಮರುಗಾಯನ ನಮ್ಮವರ ಕೈಗೆ ಸಿಗುವ ಆಯುಧವಲ್ಲ, ಕರಾರುಪತ್ರವೇ ಆಯುಧ. ಈ ಸೀಮೆಗೆ ಅದು ಅಪರಿಚಿತವೂ ಅಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಹಾಡಿದ ಹಳ್ಳಿಯ ಹೆಣ್ಣುಮಕ್ಕಳು ಧ್ವನಿಪರೀಕ್ಷೆ ಪಾಸಾಗಿ, ಗ್ರೇಡು ಪಡೆದು, ದಿನಾಂಕ, ಅವಧಿ, ಸಂಭಾವನೆ ನಮೂದಾದ ಕರಾರುಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿಯೇ ಮೈಕಿನ ಮುಂದೆ ಕುಳಿತವರು, ಪ್ರಸಾರದಲ್ಲಿ ಅವರ ಹೆಸರನ್ನೂ ಊರನ್ನೂ ಹೇಳುತ್ತಿದ್ದರು. ಸರಕಾರಿ ಕಚೇರಿಯ ಆ ನಿಧಾನದ ಶಿಸ್ತು ಖಾಸಗಿ ಕ್ಯಾಸೆಟ್ಟಿನ ಕಾಲದಲ್ಲಿ ಕಳೆದುಹೋಗಿ ಮೊಬೈಲ್ ಕಾಲದಲ್ಲಿ ಮರೆತೇಹೋಯಿತು. ಕಾಯ್ದೆಯ 19ನೇ ಕಲಮು ಗಾಯಕರ ಹಕ್ಕಿನ ವರ್ಗಾವಣೆಗೂ ಅನ್ವಯಿಸುತ್ತದೆ. ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು, ಅವಧಿ ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಎಣಿಸಬೇಕು. ಕಾಗದವಿಲ್ಲದಿರುವುದು ಗಾಯಕಿಗಷ್ಟೇ ತೊಂದರೆಯೆಂದು ತಿಳಿದ ಚಾನಲ್ ಮಾಲೀಕರು ಇದನ್ನು ಓದಿಕೊಳ್ಳುವುದು ಅವರಿಗೇ ಒಳ್ಳೆಯದು. ಅವರ ಹಾಡೊಂದನ್ನು ನಾಳೆ ಬೆಂಗಳೂರಿನ ಸಿನಿಮಾದವರು ಕೇಳಿ ಬಂದಾಗ ತೋರಿಸಲು ಅವರ ಬಳಿಯೂ ಏನೂ ಇರುವುದಿಲ್ಲ.

ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಇದರ ಇನ್ನೊಂದು ರೂಪವನ್ನು ನೋಡಬಹುದು. ಗಾಯಕಿ ವೇದಿಕೆಯ ಮೇಲೆ ಹಾಡಿದ್ದನ್ನು ಆಕೆಯ ತಮ್ಮನೋ ಮಗಳೋ ಮೊಬೈಲಿನಲ್ಲಿ ಹಿಡಿದು ಆಕೆಯದೇ ಪುಟ್ಟ ಚಾನಲ್‌ಗೆ ಹಾಕುತ್ತಾರೆ. ಹಿಂದೆ ನುಡಿಸಿದ ಟ್ರ್ಯಾಕನ್ನು ಯೂಟ್ಯೂಬಿನ ಕಂಟೆಂಟ್ ಐಡಿ ಯಂತ್ರ ಗುರುತು ಹಿಡಿದರೆ ಆ ವಿಡಿಯೊದ ಆದಾಯ ಮುದ್ರಣದ ಒಡೆಯನಿಗೆ ಹೋಗುತ್ತದೆ. ಯಂತ್ರಕ್ಕೆ ಟ್ರ್ಯಾಕ್ ಗೊತ್ತು, ಹಾಡುತ್ತಿರುವವಳೇ ಮೂಲ ಗಾಯಕಿ ಎಂಬುದು ಗೊತ್ತಿಲ್ಲ. ಗೊತ್ತುಮಾಡಿಸಲು ಆಕೆಯ ಬಳಿ ದಾಖಲೆಯಿಲ್ಲ. ಸ್ವಂತ ಚಾನಲ್ಲಿನಿಂದ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಇಲ್ಲವೆ 90 ದಿನಗಳಲ್ಲಿ ‘ಶಾರ್ಟ್ಸ್’ ತುಣುಕುಗಳಿಗೆ ಒಂದು ಕೋಟಿ ವೀಕ್ಷಣೆ ಬೇಕು. ಹೆಸರು ಶೀರ್ಷಿಕೆಯಲ್ಲಿ ಇಲ್ಲದವಳನ್ನು ಹುಡುಕಿಕೊಂಡು ಅಷ್ಟು ಜನ ಬರುವುದಾದರೂ ಹೇಗೆ? ಹಾಗಾಗಿ ರಾಯಲ್ಟಿಗಿಂತ ಮೊದಲು ಕೇಳಬೇಕಾದದ್ದು ಹೆಸರನ್ನು ಎಂದು ನಾನು ಹೇಳುತ್ತೇನೆ. ಅದಕ್ಕೆ ಚಾನಲ್ಲಿನವರು ಒಂದು ರೂಪಾಯಿ ಖರ್ಚು ಮಾಡಬೇಕಿಲ್ಲ, 38ಬಿ ಕಲಮು ಹೇಗೂ ಬೆನ್ನಿಗಿದೆ.

ಕರಾರಿಗೆ ಈಗ ಸೇರಿಸಲೇಬೇಕಾದ ಇನ್ನೊಂದು ಸಾಲು ಕೃತಕ ಬುದ್ಧಿಮತ್ತೆಯದು. ಅರಿಜಿತ್ ಸಿಂಗ್ ಅವರ ದನಿಯನ್ನು ಯಂತ್ರದಿಂದ ನಕಲು ಮಾಡುವುದನ್ನು 2024ರಲ್ಲಿ ಬಾಂಬೆ ಹೈಕೋರ್ಟ್ ಮಧ್ಯಂತರ ಆದೇಶದಿಂದ ತಡೆಯಿತು. ಹೆಸರಾಂತ ಗಾಯಕನಿಗೆ ವಕೀಲರಿದ್ದರು, ನಕಲು ಮಾಡಿದ್ದು ಅವನದೇ ದನಿ ಎಂದು ದೇಶಕ್ಕೆಲ್ಲ ತಿಳಿದಿತ್ತು. ಹುಬ್ಬಳ್ಳಿಯ ಸ್ಟುಡಿಯೊದ ಕಂಪ್ಯೂಟರಿನಲ್ಲಿ, ಟ್ರ್ಯಾಕ್‌ನಿಂದ ಬೇರೆಯಾಗಿ, ಯಾವ ಮಿಶ್ರಣವೂ ಇಲ್ಲದೆ ಉಳಿದಿರುವ ಗಾಯಕಿಯರ ದನಿಯ ಕಡತಗಳು ಇಂಥ ನಕಲಿಗೆ ಹೇಳಿ ಮಾಡಿಸಿದ ಸಾಮಗ್ರಿ, ಅವುಗಳನ್ನು ಯಾರು ಎಷ್ಟು ಕಾಲ ಇಟ್ಟುಕೊಳ್ಳಬಹುದು, ಯಾವುದಕ್ಕೆ ಬಳಸಬಹುದು ಎಂದು ಸದ್ಯಕ್ಕೆ ಎಲ್ಲಿಯೂ ಬರೆದಿಲ್ಲ. ‘ಈ ಹಾಡಿಗೆ ಮಾತ್ರ, ದನಿಯ ನಕಲಿಗೆ ಅಲ್ಲ’ ಎಂಬ ಒಂದು ಸಾಲನ್ನು ಹಾಡುವ ಮೊದಲೇ ವಾಟ್ಸ್ಯಾಪಿನಲ್ಲಿ ಕಳುಹಿಸಿ ಒಪ್ಪಿಗೆ ಪಡೆದಿಟ್ಟುಕೊಂಡರೂ ಮುಂದೆ ತಕರಾರು ಬಂದಾಗ ತೋರಿಸಲು ಒಂದು ದಾಖಲೆಯಾಗುತ್ತದೆ. ಟ್ರ್ಯಾಕ್ ಬರುವುದಂತೂ ಅದೇ ವಾಟ್ಸ್ಯಾಪಿಗೆ.